ಅಗಲವಾದ ಟೈರು ಹಾಕಿದರೆ ಜಾರುವುದು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ, ತೂಕ 74 ಕೆ.ಜಿ. ಬೆಂಗಳೂರಿನಲ್ಲಿ ಉದ್ಯೋಗ. ಎರಡು ವರ್ಷಗಳ ಹಿಂದೆ, ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುವ 29 ಇಂಚಿನ ಮೌಂಟನ್ ಬೈಕ್ ಕೊಂಡೆ. ಭಾನುವಾರಗಳಲ್ಲಿ ನಂದಿ ಬೆಟ್ಟದ ಬುಡದ ಕಾಲುದಾರಿಗಳಲ್ಲಿ ಓಡಿಸುತ್ತೇನೆ. ತಿಂಗಳಿಗೊಮ್ಮೆ ಚಿಕ್ಕಮಗಳೂರಿನ ಹತ್ತಿರ ಇರುವ ಮಾವನವರ ಕಾಫಿ ತೋಟಕ್ಕೆ ಹೋಗುವಾಗ ಸೈಕಲ್ಲನ್ನೂ ಕಾರಿನ ಮೇಲೆ ಕಟ್ಟಿಕೊಂಡು ಹೋಗುತ್ತೇನೆ. ಕೊಂಡಾಗ ಬಂದ 2.1 ಇಂಚಿನ ಟೈರುಗಳೇ ಈಗಲೂ ಇವೆ. ಒಳಗೆ ಟ್ಯೂಬ್ ಇದೆ, ಅಂಗಡಿಯವರು ಹೇಳಿದಂತೆ 40 ಪಿಎಸ್ಐ ಗಾಳಿ ಹೊಡೆಸುತ್ತೇನೆ. ಹೋದ ತಿಂಗಳು ನಂದಿಯ ಹತ್ತಿರ ಇಳಿಜಾರಿನ ತಿರುವೊಂದರಲ್ಲಿ ಮುಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ತರಚಿದ್ದು ವಾಸಿಯಾಯಿತು, ಆದರೆ ಹೆದರಿಕೆ ಹೋಗಿಲ್ಲ. ಜೊತೆಗಾರರು "2.6 ಹಾಕು, ನೆಲಕ್ಕೆ ಅಂಟಿಕೊಂಡು ಹೋಗುತ್ತದೆ" ಎನ್ನುತ್ತಾರೆ. ಅಂಗಡಿಯವರು "ಅಗಲದ ಟೈರು ಈಗಿನ ಫ್ಯಾಷನ್ ಅಷ್ಟೇ, ಏರು ಹತ್ತಲು ಆಗುವುದಿಲ್ಲ" ಎನ್ನುತ್ತಾರೆ. ನಾನು ಅಳೆದು ನೋಡಿದ್ದೇನೆ: ರಿಮ್ಮಿನ ಒಳ ಅಗಲ 25 ಮಿ.ಮೀ.; ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಯಲ್ಲಿ 8 ಮಿ.ಮೀ. ಜಾಗವಿದೆ, ಮುಂದೆ ಫೋರ್ಕಿನಲ್ಲಿ 14 ಮಿ.ಮೀ. ಇದೆ. ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ರೆಡಿ ಎಂದು ಬರೆದಿದೆ. ಯಾವ ಟೈರು ಹಾಕಲಿ? ಟ್ಯೂಬ್‌ಲೆಸ್ ಮಾಡಿಸಲೇಬೇಕೇ?

ಉತ್ತರ: ನೀವು ಅಳತೆಗಳನ್ನು ತೆಗೆದುಕೊಂಡೇ ಬರೆದಿರುವುದರಿಂದ ಖಚಿತವಾದ ಉತ್ತರ ಕೊಡಲು ಸಾಧ್ಯವಾಗಿದೆ. ನಿಮ್ಮ ಪ್ರಶ್ನೆ ಟೈರಿನ ಅಗಲದ ಬಗ್ಗೆ ಇದ್ದರೂ, ಮುಂದಿನ ಚಕ್ರವನ್ನು ಮತ್ತೆ ನಂಬಬಹುದೇ ಎಂಬುದೇ ನಿಮ್ಮ ನಿಜವಾದ ಚಿಂತೆ ಎಂದು ನನಗನ್ನಿಸುತ್ತದೆ. ಹಿಂದಿನ ಚಕ್ರ ಜಾರಿದರೆ ಸೈಕಲ್ಲು ಬಾಲ ಬೀಸಿದಂತೆ ಪಕ್ಕಕ್ಕೆ ಹೋಗುತ್ತದೆ, ಸಾವರಿಸಿಕೊಳ್ಳಲು ಒಂದು ಕ್ಷಣವಾದರೂ ಸಿಗುತ್ತದೆ. ಮುಂದಿನ ಚಕ್ರ ಜಾರಿದರೆ ಆ ಕ್ಷಣವೂ ಸಿಗುವುದಿಲ್ಲ. ಹಾಗೆ ಬಿದ್ದವರಿಗೆ ಹೆದರಿಕೆ ಉಳಿಯುವುದು ಸಹಜ, ಅದಕ್ಕಾಗಿ ಸಂಕೋಚಪಡಬೇಕಾಗಿಲ್ಲ.

ಹೊಸ ಟೈರಿನ ಮಾತಿಗೆ ಮೊದಲು, ಈಗಿರುವ ಟೈರಿನಲ್ಲೇ ಇರುವ ತಪ್ಪನ್ನು ಹೇಳಬೇಕು. 40 ಪಿಎಸ್ಐ ನಿಮ್ಮ ತೂಕಕ್ಕೂ ನೀವು ಓಡಿಸುವ ದಾರಿಗೂ ತೀರಾ ಹೆಚ್ಚು. ನಿಮ್ಮ ತೂಕಕ್ಕೆ ಸೈಕಲ್ಲಿನ 14 ಕೆ.ಜಿ. ಸೇರಿಸಿ, ಒಟ್ಟು ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದು ಹಿಡಿದರೆ, ಆ ಚಕ್ರ ಸುಮಾರು 48 ಕೆ.ಜಿ. ಹೊರುತ್ತದೆ. ಟೈರಿನೊಳಗಿನ ಗಾಳಿಯೇ ಈ ಭಾರವನ್ನು ಹೊರಬೇಕಾದ್ದರಿಂದ, ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಎಷ್ಟೆಂದು ಅಂದಾಜು ಸಿಗುತ್ತದೆ. 40 ಪಿಎಸ್ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.8 ಕೆ.ಜಿ., ಅಂದರೆ ನೆಲ ಮುಟ್ಟುವುದು 17 ಚದರ ಸೆಂಟಿಮೀಟರು ಮಾತ್ರ. ಅದೇ ಟೈರಿನಲ್ಲಿ ಗಾಳಿಯನ್ನು 25 ಪಿಎಸ್ಐಗೆ ಇಳಿಸಿದರೆ ಅದು 27 ಚದರ ಸೆಂಟಿಮೀಟರಿಗೆ ಏರುತ್ತದೆ. ಟೈರಿನ ಸ್ವಂತ ಬಿಗುವು ಈ ಲೆಕ್ಕವನ್ನು ಸ್ವಲ್ಪ ಆಚೀಚೆ ಮಾಡಬಹುದು, ಆದರೆ ಒಟ್ಟು ಚಿತ್ರ ಬದಲಾಗುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ, ನನ್ನ ವರ್ಕ್‌ಶಾಪಿನಲ್ಲಿ ಒಂದು ಕಪ್ಪು ರಟ್ಟಿನ ಹಾಳೆ ಇಟ್ಟುಕೊಂಡಿದ್ದೇನೆ. ಟೈರಿಗೆ ಸೀಮೆಸುಣ್ಣದ ಪುಡಿ ಸವರಿ, ಸವಾರರನ್ನು ಸೈಕಲ್ಲಿನ ಮೇಲೆ ಕೂರಿಸಿ, ಆ ರಟ್ಟಿನ ಮೇಲೆ ಚಕ್ರವನ್ನು ಒಮ್ಮೆ ಇಳಿಸಿ ಎತ್ತುತ್ತೇನೆ. 40ರಲ್ಲಿ ಬೀಳುವ ಗುರುತು ಹುಣಸೆ ಬೀಜದಷ್ಟು ದೊಡ್ಡ ಎರಡು ಸಾಲು ಚುಕ್ಕಿಗಳು, ಅಷ್ಟೇ. ಗಾಳಿಯನ್ನು 24ಕ್ಕೆ ಇಳಿಸಿ ಮತ್ತೆ ಇಟ್ಟರೆ ಅದೇ ಟೈರು ನಾಲ್ಕು ಸಾಲು ಮೂಡಿಸುತ್ತದೆ, ಅಂಚಿನ ಸಾಲಿನ ಒಳಬದಿಯೂ ಮಸುಕಾಗಿ ಕಾಣುತ್ತದೆ. ಟೈರಿನ ಮೇಲಿನ ಈ ಉಬ್ಬುಗಳನ್ನು ನಮ್ಮಲ್ಲಿ ಬಟನ್ ಎನ್ನುತ್ತಾರೆ, ನಾನೂ ಇಲ್ಲಿ ಅದೇ ಪದವನ್ನು ಬಳಸುತ್ತೇನೆ.

ಈಗ ಜೊತೆಗಾರರ ಮಾತಿಗೆ ಬರೋಣ. ಅಗಲದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆ, ಆದ್ದರಿಂದ ಹೆಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿದರೆ, ಅದರಲ್ಲಿ ಟೈರಿನ ಅಗಲ ಎಲ್ಲಿಯೂ ಬಂದಿಲ್ಲ ಎಂಬುದು ಗಮನಕ್ಕೆ ಬರುತ್ತದೆ. ಒಂದೇ ಒತ್ತಡದಲ್ಲಿ 2.1 ಆಗಲಿ 2.6 ಆಗಲಿ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಮುಟ್ಟುತ್ತದೆ. ಆ ಜಾಗದ ಆಕಾರ ಮಾತ್ರ ಒಂದರಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ ಮತ್ತು ಅಗಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಒಳಗಿನ ಒತ್ತಡ ಒಂದೇ ಆಗಿದ್ದರೂ ಟೈರು ದಪ್ಪವಾದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಹಾಗಾಗಿ 2.6ರ ಟೈರಿಗೆ ಹಳೆಯ ಅಭ್ಯಾಸದಂತೆ 40 ಹೊಡೆಸಿದರೆ ಅದು 2.1ಕ್ಕಿಂತಲೂ ಕಲ್ಲಾಗಿ, ಫುಟ್‌ಬಾಲಿನಂತೆ ಪುಟಿಯುತ್ತದೆ. ದುಬಾರಿ ಟೈರು ಹಾಕಿಸಿಕೊಂಡು "ಏನೂ ವ್ಯತ್ಯಾಸ ಕಾಣಲಿಲ್ಲ" ಎಂದು ಮರಳಿ ಬಂದವರಲ್ಲಿ ಬಹುಪಾಲು ಜನ ಗಾಳಿಯನ್ನು ಇಳಿಸಿರಲಿಲ್ಲ.

ಹಾಗಾದರೆ ಅಗಲದಿಂದ ಪ್ರಯೋಜನವೇ ಇಲ್ಲವೇ ಎಂದರೆ, ಖಂಡಿತ ಇದೆ. 2.1ರಿಂದ 2.4ಕ್ಕೆ ಹೋದರೆ ಟೈರಿನ ಒಳಗಿನ ಗಾಳಿಯ ಜಾಗ ಶೇಕಡಾ 30ರಷ್ಟು ಹೆಚ್ಚುತ್ತದೆ, ಕಲ್ಲಿಗೂ ರಿಮ್ಮಿಗೂ ನಡುವಿನ ಅಂತರವೂ ಹೆಚ್ಚುತ್ತದೆ. ಇದರಿಂದ, ರಿಮ್ಮು ಕಲ್ಲಿಗೆ ಬಡಿಯುವ ಭಯವಿಲ್ಲದೆ ಗಾಳಿಯನ್ನು ಕೆಳಗಿಳಿಸಬಹುದು. ಅಗಲ ಕೊಡುವ ಸೌಲಭ್ಯ ಇದು. ಹಿಡಿತವನ್ನು ಕೊಡುವುದು ಕಡಿಮೆ ಗಾಳಿ, ಮೆತ್ತನೆಯ ರಬ್ಬರು ಮತ್ತು ಬಟನ್‌ಗಳ ಜೋಡಣೆ.

ನೀವು ಬಿದ್ದ ಜಾಗದ ಮಣ್ಣನ್ನು ನೆನಪಿಸಿಕೊಳ್ಳಿ. ನಂದಿಯ ಸುತ್ತಿನ ದಾರಿಗಳಲ್ಲಿ ಕೆಳಗೆ ಸಿಮೆಂಟಿನಂತೆ ಗಟ್ಟಿಯಾದ ಕೆಂಪು ನೆಲ, ಅದರ ಮೇಲೆ ಅರ್ಧ ಅಂಗುಲದಷ್ಟು ಸಡಿಲ ಗರಸು ಇರುತ್ತದೆ. ಬಿಗಿಯಾದ ಟೈರಿನಡಿ ಈ ಹರಳುಗಳು ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ, ಟೈರು ಅವುಗಳ ಮೇಲೆ ತೇಲುತ್ತದೆ. ಗಾಳಿ ಕಡಿಮೆ ಇರುವ ಟೈರು ಹರಳುಗಳನ್ನು ಒಳಗೆ ತೆಗೆದುಕೊಂಡು ಅವುಗಳ ಸುತ್ತ ತಗ್ಗಿ ಕೆಳಗಿನ ನೆಲವನ್ನು ಮುಟ್ಟುತ್ತದೆ. ಇಂಥ ನೆಲಕ್ಕೆ ಬೇಕಾದದ್ದು ತುಂಬ ಎತ್ತರದ ಬಟನ್‌ಗಳಲ್ಲ. ಒತ್ತೊತ್ತಾಗಿರುವ, ಮಧ್ಯಮ ಎತ್ತರದ, ಬುಡ ಗಟ್ಟಿಯಾಗಿರುವ ಬಟನ್‌ಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸೈಕಲ್ಲನ್ನು ವಾಲಿಸಿದಾಗ ನೆಲಕ್ಕೆ ನಾಟುವ ದಪ್ಪನೆಯ ಅಂಚಿನ ಸಾಲು ಬೇಕು. ನಿಮ್ಮ ಈಗಿನ ಟೈರಿನಲ್ಲಿ ಅಂಚಿನ ಬಟನ್‌ಗಳು ಬಹುಶಃ ಚಿಕ್ಕವಾಗಿಯೇ ಇರುತ್ತವೆ. ಹೊಸ ಸೈಕಲ್ಲಿನೊಂದಿಗೆ ಬರುವ ಟೈರುಗಳು ಸಾಮಾನ್ಯವಾಗಿ ನೇರ ಓಟಕ್ಕೂ ಬಾಳಿಕೆಗೂ ಹೊಂದುವಂಥವು.

ಕಾಫಿ ತೋಟದ ಕಥೆಯೇ ಬೇರೆ. ಸಿಲ್ವರ್ ಓಕಿನ ನೆರಳಿನಲ್ಲಿ ತರಗೆಲೆ ಕೊಳೆತ ಮೆದು ಮಣ್ಣು, ಅದರಡಿಯಲ್ಲಿ ಜಿಗುಟಾದ ಕೆಂಪು ಮಣ್ಣು, ಅಲ್ಲಲ್ಲಿ ಬೇರುಗಳು, ಮೋರಿಯ ಕಲ್ಲುಗಳ ಮೇಲೆ ಪಾಚಿ. ಮೆದು ಮಣ್ಣಿನಲ್ಲಿ ಎತ್ತರದ, ದೂರದೂರ ಇರುವ ಬಟನ್‌ಗಳು ಒಳಗಿಳಿದು ಕಚ್ಚುತ್ತವೆ, ನಡುವೆ ಸೇರಿದ ಕೆಸರೂ ಚಕ್ರ ತಿರುಗಿದಂತೆ ಉದುರುತ್ತದೆ. ಒದ್ದೆ ಬೇರು ಮತ್ತು ಪಾಚಿಯ ಕಲ್ಲಿನ ಮೇಲೆ ಬಟನ್ನಿನ ಎತ್ತರ ಪ್ರಯೋಜನಕ್ಕೆ ಬರುವುದಿಲ್ಲ, ಅಲ್ಲಿ ಏನಾದರೂ ಹಿಡಿದರೆ ಮೆತ್ತನೆಯ ರಬ್ಬರೇ ಹಿಡಿಯಬೇಕು. ಮಳೆಗಾಲದ ಪಾಚಿಯ ಮೇಲೆ ಯಾವ ಟೈರನ್ನೂ ನಂಬಬೇಡಿ. ಅಲ್ಲಿ ಸೈಕಲ್ಲನ್ನು ವಾಲಿಸದೆ, ಬ್ರೇಕ್ ಮುಟ್ಟದೆ ನೇರವಾಗಿ ದಾಟಬೇಕು, ಇಲ್ಲವೇ ಇಳಿದು ತಳ್ಳಬೇಕು. ಇನ್ನು ಉತ್ತರ ಕರ್ನಾಟಕದ ಎರೆಮಣ್ಣು ನೆನೆದಾಗ ಅಗಲದ ಟೈರೇ ಮೊದಲು ಕಟ್ಟಿಕೊಂಡು ನಿಲ್ಲುತ್ತದೆ. ನಿಮ್ಮ ದಾರಿಯಲ್ಲಿ ಅದಿಲ್ಲವಾದರೂ ಓದುವ ಬೇರೆಯವರಿಗೆ ತಿಳಿದಿರಲಿ ಎಂದು ಹೇಳಿದೆ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಗಲದ ಟೈರು ಹೊಸ ಫ್ಯಾಷನ್ ಎಂಬುದು ಸರಿಯಲ್ಲ, ಏಕೆಂದರೆ ಮೌಂಟನ್ ಬೈಕ್ ಹುಟ್ಟಿದ್ದೇ ಅಗಲದ ಟೈರಿನಿಂದ. ಅಮೆರಿಕದಲ್ಲಿ ಶ್ವಿನ್ ಕಂಪನಿ 1933ರಲ್ಲಿ 2.125 ಇಂಚಿನ ಬಲೂನ್ ಟೈರಿನ ಸೈಕಲ್ಲನ್ನು ತಂದಿತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಅಂಥ ಹಳೆಯ ಸೈಕಲ್ಲುಗಳನ್ನೇ ದುರಸ್ತಿ ಮಾಡಿಕೊಂಡು 1976ರಲ್ಲಿ ರೀಪ್ಯಾಕ್ ಎಂಬ ಮಣ್ಣಿನ ಇಳಿಜಾರಿನಲ್ಲಿ ಸ್ಪರ್ಧೆ ಆರಂಭಿಸಿದರು. ಆ ಕಲ್ಲುಮಣ್ಣಿನ ದಾರಿಯಲ್ಲಿ ತೆಳು ಟೈರಿನ ರೇಸಿಂಗ್ ಸೈಕಲ್ಲು ಉಳಿಯುತ್ತಿರಲಿಲ್ಲ. ಇಂದು ವಿಶ್ವಕಪ್ ಮಟ್ಟದ ಕ್ರಾಸ್‌ಕಂಟ್ರಿ ಸ್ಪರ್ಧಿಗಳೂ, ಅಂದರೆ ಒಂದೊಂದು ಗ್ರಾಮಿಗೂ ಲೆಕ್ಕ ಹಾಕುವವರೂ, 2.4ರ ಟೈರುಗಳನ್ನು ಬಳಸುತ್ತಾರೆ. ಒರಟು ನೆಲದಲ್ಲಿ ಬಿಗಿ ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಎತ್ತಿ ಹಾಕುತ್ತದೆ, ಹಾಗೆ ಎತ್ತುವ ಶಕ್ತಿ ನಿಮ್ಮ ತೊಡೆಯಿಂದಲೇ ಹೋಗುತ್ತದೆ. ಕಡಿಮೆ ಗಾಳಿಯ ಟೈರು ಕಲ್ಲನ್ನು ನುಂಗಿ ಮುಂದೆ ಹೋಗುತ್ತದೆ. ಆದ್ದರಿಂದ "ಬಿಗಿಯಾಗಿದ್ದರೆ ವೇಗ" ಎಂಬುದು ನುಣುಪಾದ ಡಾಂಬರಿಗೆ ಸಲ್ಲುವ ಮಾತು.

ಅವರ ಮಾತಿನಲ್ಲಿ ನಿಜವಿರುವುದು ಭಾರದ ವಿಷಯದಲ್ಲಿ. ತೆಳುವಾದ 2.1ರ ಟೈರಿಗೆ ಹೋಲಿಸಿದರೆ ಗಟ್ಟಿ ಗೋಡೆಯ 2.5ರ ಟೈರು ಚಕ್ರವೊಂದಕ್ಕೆ 300 ಗ್ರಾಮಿನಷ್ಟು ಹೆಚ್ಚು ತೂಗಬಹುದು, ಮತ್ತು ಏರಿನಲ್ಲಿ ಅದು ಕಾಲಿಗೆ ತಿಳಿಯುತ್ತದೆ. ಮೆತ್ತನೆಯ ರಬ್ಬರು ಡಾಂಬರಿನ ಮೇಲೆ ಎಳೆದಂತಾಗುತ್ತದೆ, ಬೇಗ ಸವೆಯುತ್ತದೆ. ನೀವು ಮನೆಯಿಂದಲೇ ಸೈಕಲ್ ತುಳಿದುಕೊಂಡು ನಂದಿಗೆ ಹೋಗುವವರಾದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಕಾರಿನಲ್ಲಿ ಒಯ್ಯುತ್ತೀರಿ ಎಂದು ಭಾವಿಸಿ ಮುಂದುವರಿಯುತ್ತೇನೆ.

ನಿಮ್ಮ ಅಳತೆಗಳ ಪ್ರಕಾರ 2.6 ನಿಮ್ಮ ಸೈಕಲ್ಲಿಗೆ ಬೇಡ. ಮೊದಲನೆಯದಾಗಿ ಹಿಂದೆ ಅದು ಹಿಡಿಸುವುದೇ ಇಲ್ಲ. 2.1 ಇಂಚು ಎಂದರೆ 53 ಮಿ.ಮೀ., 2.6 ಎಂದರೆ 66 ಮಿ.ಮೀ.; ನಿಮಗಿರುವ 8 ಮಿ.ಮೀ. ಜಾಗದಲ್ಲಿ ಎರಡು ಮಿ.ಮೀ. ಕೂಡ ಉಳಿಯುವುದಿಲ್ಲ. ಚಕ್ರ ಸ್ವಲ್ಪ ಬಾಗಿದರೂ, ಒಂದು ಹರಳು ಸಿಕ್ಕಿಕೊಂಡರೂ ಫ್ರೇಮಿನ ಬಣ್ಣವನ್ನಲ್ಲ, ಲೋಹವನ್ನೇ ಉಜ್ಜುತ್ತದೆ. ಹೊಸ ಟೈರು ಗಾಳಿ ತುಂಬಿದ ಕೆಲವು ದಿನಗಳಲ್ಲಿ ಒಂದೆರಡು ಮಿ.ಮೀ. ಹಿಗ್ಗುವುದೂ ಉಂಟು. ಬದಿಗೆ ಕನಿಷ್ಠ 6 ಮಿ.ಮೀ. ಉಳಿಯಬೇಕು ಎಂಬುದು ನಾನು ಪಾಲಿಸುವ ನಿಯಮ. ಅದರಂತೆ ಹಿಂದಕ್ಕೆ 2.25 ಸರಿಯಾಗಿ ಕೂರುತ್ತದೆ, 2.4 ಕೂಡ ಹೆಚ್ಚಾಯಿತು. ಮುಂದಿನ ಫೋರ್ಕಿನಲ್ಲಿ 2.6ಕ್ಕೆ ಜಾಗವೇನೋ ಇದೆ, ಆದರೆ 25 ಮಿ.ಮೀ. ರಿಮ್ಮಿನ ಮೇಲೆ ಅಷ್ಟು ಅಗಲದ ಟೈರು ಬಲ್ಬಿನ ಆಕಾರ ತಾಳುತ್ತದೆ. ಬುಡ ಕಿರಿದು, ತಲೆ ದಪ್ಪ. ಗಾಳಿ ಕಡಿಮೆ ಮಾಡಿ ತಿರುವಿನಲ್ಲಿ ವಾಲಿಸಿದರೆ ಅದು ಬುಡದಲ್ಲಿ ಮಡಚಿ ಹೊರಳುತ್ತದೆ, ಅಂಚಿನ ಬಟನ್‌ಗಳು ಕೆಳಕ್ಕೆ ಬಾಗಿ ಬೇಕಾದ ಹೊತ್ತಿಗೆ ನೆಲಕ್ಕೆ ಸಿಗುವುದಿಲ್ಲ. 2.6ಕ್ಕೆ 30 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿನ ಒಳ ಅಗಲವಿರುವ ರಿಮ್ಮು ಬೇಕು. ನಿಮ್ಮ ರಿಮ್ಮಿಗೆ 2.35 ಅಥವಾ 2.4 ಹೊಂದುತ್ತದೆ.

ಆದ್ದರಿಂದ ಮುಂದೆ 2.4, ಹಿಂದೆ 2.25. ಎರಡೂ ಒಂದೇ ಇರಬೇಕೆಂಬ ನಿಯಮವೇನಿಲ್ಲ. ಮುಂದಿನ ಟೈರು ದಿಕ್ಕನ್ನು ಹಿಡಿದಿಡಬೇಕು, ಹಿಂದಿನದು ಭಾರ ಹೊತ್ತು ಹಗುರವಾಗಿ ಉರುಳಬೇಕು. ಮುಂದೆ ದೊಡ್ಡ ಟೈರು ಬಂದಾಗ ಹ್ಯಾಂಡಲ್ ಕೆಲವು ಮಿಲಿಮೀಟರು ಎತ್ತರವಾಗುತ್ತದೆ, ಅದರಿಂದ ತೊಂದರೆಯಿಲ್ಲ. ಕೊಳ್ಳುವಾಗ ಇಂಚಿನ ಅಂಕಿಯ ಜೊತೆಗೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿಲಿಮೀಟರಿನ ಅಂಕಿಯನ್ನೂ ಓದಿ. 57-622 ಎಂದಿದ್ದರೆ 57 ಅಗಲ, 622 ರಿಮ್ಮಿನ ವ್ಯಾಸ. 29 ಇಂಚಿನ ಸೈಕಲ್ಲಿಗೆ 622 ಇರಲೇಬೇಕು. 27.5ರದ್ದು 584, ಹಳೆಯ 26ರದ್ದು 559. ಪೆಟ್ಟಿಗೆಯ ಮೇಲೆ ತಪ್ಪು ಚೀಟಿ ಅಂಟಿಸಿ ಬಂದ ಟೈರನ್ನು ನೋಡದೆ ತಂದು, ಒಂದು ಸಂಜೆಯೆಲ್ಲ ರಿಮ್ಮಿಗೆ ಏರಿಸಲು ಹೆಣಗಿ ಕೊನೆಗೆ ನನ್ನ ಬಳಿಗೆ ಬಂದ ಸವಾರರೊಬ್ಬರಿದ್ದರು. ಟೈರಿನ ಮೇಲೆ 584 ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು.

ರಬ್ಬರಿನ ವಿಷಯದಲ್ಲಿ ಒಂದೇ ಹೆಸರಿನ ಟೈರು ಮೂರು ನಾಲ್ಕು ಬಗೆಯಲ್ಲಿ ಬರುತ್ತದೆ, ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ. ಮ್ಯಾಕ್ಸಿಸ್ ಕಂಪನಿಯ ಮೂರು ಪದರದ ರಬ್ಬರಿನಲ್ಲಿ ಮ್ಯಾಕ್ಸ್‌ಸ್ಪೀಡ್ ಗಟ್ಟಿ, ಮ್ಯಾಕ್ಸ್‌ಟೆರಾ ನಡುವಿನದು, ಮ್ಯಾಕ್ಸ್‌ಗ್ರಿಪ್ ಅತಿ ಮೆದು. ಶ್ವಾಲ್ಬೆ ಕಂಪನಿಯ ಆಡಿಕ್ಸ್ ರಬ್ಬರನ್ನು ಟೈರಿನ ನಡುವಿನ ಬಣ್ಣದ ಗೆರೆಯಿಂದ ಗುರುತಿಸಬಹುದು: ಕೆಂಪು ವೇಗಕ್ಕೆ, ನೀಲಿ ನಡುವಿನದು, ಕಿತ್ತಳೆ ಮೆದು, ನೇರಳೆ ಅತಿ ಮೆದು. ನಿಮಗೆ ಮುಂದಕ್ಕೆ ಮ್ಯಾಕ್ಸ್‌ಟೆರಾ ಅಥವಾ ಕಿತ್ತಳೆಯ ಮಟ್ಟ ಸಾಕು. ಅತಿ ಮೆದು ರಬ್ಬರು ಡೌನ್‌ಹಿಲ್ ಸ್ಪರ್ಧೆಗೆ ಸರಿ, ನಂದಿಯ ಗರಸಿನಲ್ಲಿ ಅದರ ಬಟನ್‌ಗಳು ಬುಡದಲ್ಲೇ ಹರಿಯುವುದನ್ನು ಕಂಡಿದ್ದೇನೆ. ಹಿಂದಕ್ಕೆ ಗಟ್ಟಿ ರಬ್ಬರು ಇರಲಿ. ಮಾದರಿಯ ಹೆಸರು ಬೇಕೆಂದರೆ, ಮುಂದಕ್ಕೆ ಮ್ಯಾಕ್ಸಿಸ್ ಹೈ ರೋಲರ್ ಅಥವಾ ಶ್ವಾಲ್ಬೆ ನಾಬಿ ನಿಕ್ ವರ್ಗದ್ದು, ಹಿಂದಕ್ಕೆ ಮ್ಯಾಕ್ಸಿಸ್‌ನದೇ ಆರ್ಡೆಂಟ್ ಅಥವಾ ರೆಕಾನ್ ವರ್ಗದ್ದು. ನಿಮ್ಮ ಊರಿನಲ್ಲಿ ಸಿಗುವುದು ಬೇರೆ ಕಂಪನಿಯದ್ದಾದರೂ ಚಿಂತೆಯಿಲ್ಲ, ಅಂಚಿನ ಸಾಲು ದಪ್ಪಗಿದೆಯೇ ಎಂದು ಕೈಯಿಂದ ಬಗ್ಗಿಸಿ ನೋಡಿ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದಾಗ ಸುಲಭವಾಗಿ ಮಲಗುವ ಬಟನ್ ತಿರುವಿನಲ್ಲೂ ಮಲಗುತ್ತದೆ. ಹಣ ಒಂದೇ ಟೈರಿಗೆ ಸಾಕಾಗುವಂತಿದ್ದರೆ ಮುಂದಿನದನ್ನು ಮಾತ್ರ ಕೊಳ್ಳಿ. ಹಿಂದಿನದು ಸವೆಯುವವರೆಗೆ ಕಾಯಬಹುದು.

ಇನ್ನು ಟ್ಯೂಬ್‌ಲೆಸ್. ಮಾಡಿಸಲೇಬೇಕೆಂದಿಲ್ಲ, ಆದರೆ ಮಾಡಿಸಿದರೆ ನಿಮಗೆ ಲಾಭ ಹೆಚ್ಚು. ಟ್ಯೂಬ್ ಇರುವಾಗ ಗಾಳಿ ತೀರಾ ಇಳಿದರೆ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಆದ್ದರಿಂದ ಟ್ಯೂಬ್ ಇಟ್ಟುಕೊಂಡರೆ ಈ ಹೊಸ ಟೈರುಗಳಲ್ಲಿ ಮುಂದೆ 26, ಹಿಂದೆ 29ರ ಆಸುಪಾಸಿನಲ್ಲೇ ನಿಲ್ಲಬೇಕು. ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 26ರಿಂದ ಆರಂಭಿಸಬಹುದು. ನಂದಿಯ ಸುತ್ತ ಜಾಲಿ ಮುಳ್ಳು ಇರುವುದರಿಂದ ಇನ್ನೊಂದು ಲಾಭವೂ ಇದೆ. ಮುಳ್ಳು ನಾಟಿದ ತೂತನ್ನು ಒಳಗಿನ ಸೀಲೆಂಟ್ ದ್ರವ ತಾನೇ ಮುಚ್ಚುತ್ತದೆ. ಎಷ್ಟೋ ಸಲ ಮನೆಗೆ ಬಂದು ಚಕ್ರ ತೊಳೆಯುವಾಗಲಷ್ಟೇ ಮುಳ್ಳು ಕಣ್ಣಿಗೆ ಬೀಳುತ್ತದೆ.

ಆದರೆ ಅದಕ್ಕೂ ಆರೈಕೆ ಬೇಕು. ರಿಮ್ಮು ಟ್ಯೂಬ್‌ಲೆಸ್ ರೆಡಿ ಆಗಿದ್ದರೆ ಸಾಲದು, ಟೈರೂ ಆಗಿರಬೇಕು, ರಿಮ್ಮಿನ ಒಳಗೆ ಗಾಳಿ ತಡೆಯುವ ಟೇಪು ಸುಕ್ಕಿಲ್ಲದೆ ಕೂತಿರಬೇಕು. ನಿಮ್ಮ ಅಳತೆಯ ಟೈರಿಗೆ 100 ಮಿ.ಲೀ. ಸೀಲೆಂಟ್ ಬೇಕಾಗುತ್ತದೆ, ಮತ್ತು ನಮ್ಮ ಬೇಸಿಗೆಯಲ್ಲಿ ಅದು ಎರಡು ಮೂರು ತಿಂಗಳಿಗೇ ಒಣಗಿ ಒಳಗೆ ರಬ್ಬರಿನ ಪೊರೆಯಾಗುತ್ತದೆ. ಒಣಗಿದ ಮೇಲೆ ಅದು ಯಾವ ತೂತನ್ನೂ ಮುಚ್ಚುವುದಿಲ್ಲ. ಚಕ್ರವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ದ್ರವದ ಸದ್ದು ಕೇಳಿಸದಿದ್ದರೆ ಹೊಸದಾಗಿ ಹಾಕಿಸಿ. ಪಕ್ಕದ ಗೋಡೆ ಕಲ್ಲಿಗೆ ಸೀಳಿದರೆ ಸೀಲೆಂಟ್ ಸಾಲುವುದಿಲ್ಲ, ಆದ್ದರಿಂದ ಚೀಲದಲ್ಲಿ ಒಂದು ಟ್ಯೂಬನ್ನು ಯಾವಾಗಲೂ ಇಟ್ಟುಕೊಂಡಿರಬೇಕು. ಗಾಳಿಯನ್ನು ಅತಿಯಾಗಿ ಇಳಿಸಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕ್ಷಣಕಾಲ ಬಿಟ್ಟು ಗಾಳಿ ಬುಸ್ಸೆಂದು ಹೊರಬರುತ್ತದೆ. ನಿಮ್ಮ ತೂಕದವರು ಮುಂದೆ 20ಕ್ಕಿಂತ ಕೆಳಗೆ ಹೋಗುವುದು ಬೇಡ.

ಈ ಅಂಕಿಗಳನ್ನು ಆರಂಭವೆಂದು ತಿಳಿಯಿರಿ. ದೊಡ್ಡ ಪಂಪುಗಳ ಮುಳ್ಳು ಕೆಳ ಅಂಕಿಗಳಲ್ಲಿ ಮೂರು ನಾಲ್ಕು ಪಿಎಸ್ಐ ತಪ್ಪು ತೋರಿಸುವುದು ಸಾಮಾನ್ಯವಾದ್ದರಿಂದ ಒಂದು ಚಿಕ್ಕ ಗೇಜ್ ಕೊಂಡು ಯಾವಾಗಲೂ ಅದರಲ್ಲೇ ನೋಡಿ. ಚಿರಪರಿಚಿತವಾದ ಒಂದು ತಿರುವನ್ನು ಆರಿಸಿಕೊಂಡು, ಒಂದೊಂದೇ ಪಿಎಸ್ಐ ಇಳಿಸುತ್ತಾ, ನಾಲ್ಕಾರು ಸಲ ಒಂದೇ ನಿಧಾನಗತಿಯಲ್ಲಿ ಹಾಯ್ದು ನೋಡಿ. ಸೈಕಲ್ಲು ಪುಟಿದರೆ ಗಾಳಿ ಹೆಚ್ಚು, ರಿಮ್ಮು ಕಲ್ಲಿಗೆ ತಾಗಿದ ಟಕ್ ಎಂಬ ಸದ್ದು ಬಂದರೆ ಕಡಿಮೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನೊಳಗೆ ಮುಂದಿನ ಬ್ರೇಕನ್ನು ಬಿಟ್ಟುಬಿಡಿ. ಹಿಡಿತವೆಲ್ಲ ಬ್ರೇಕಿಗೇ ಖರ್ಚಾದರೆ ತಿರುಗಲು ಯಾವ ಟೈರಿನಲ್ಲೂ ಉಳಿಯುವುದಿಲ್ಲ. ಬಿದ್ದ ಮೇಲೆ ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ, ಇದು ಸ್ವಲ್ಪ ದಿನ ಹಿಡಿಯುವ ಅಭ್ಯಾಸ.

ಈ ಭಾನುವಾರವೇ, ಏನನ್ನೂ ಕೊಳ್ಳದೆ, ಈಗಿರುವ 2.1ರಲ್ಲಿ ಟ್ಯೂಬ್ ಇರುವಂತೆಯೇ ಮುಂದೆ 28, ಹಿಂದೆ 31 ಇಟ್ಟು ಅದೇ ದಾರಿಗೆ ಹೋಗಿ ಬನ್ನಿ. ಬಂದ ಮೇಲೆ ಮುಂದಿನ ಟೈರಿನ ಅಂಚಿನ ಬಟನ್‌ಗಳನ್ನು ನೋಡಿ. ಅವುಗಳ ಮೇಲೆ ಕೆಂಪು ಧೂಳು ಉಜ್ಜಿದ ಗುರುತು ಬಿದ್ದಿದ್ದರೆ ಅವು ಈಗಾಗಲೇ ಕೆಲಸ ಮಾಡುತ್ತಿವೆ ಎಂದರ್ಥ. ಆಗ ಟೈರು ಕೊಳ್ಳುವುದಕ್ಕೆ ಆತುರವಿಲ್ಲ. ಗುರುತೇ ಇಲ್ಲದಿದ್ದರೆ, ಅಥವಾ ಉಗುರು ಒತ್ತಿದರೂ ಒಳಗಿಳಿಯದಷ್ಟು ರಬ್ಬರು ಗಡುಸಾಗಿ ಬುಡದಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ, ಮುಂದಿನ ಟೈರನ್ನು ಮೊದಲು ಬದಲಿಸಿ. ತೆಗೆದ ಹಳೆಯ ಟೈರುಗಳನ್ನು ಎಸೆಯಬೇಡಿ, ಡಾಂಬರಿನಲ್ಲಿ ಓಡಿಸುವ ದಿನಗಳಿಗೆ ಅವೇ ಸಾಕು.